ಆಕ್ಸ್‌ಫರ್ಡ್‌ಗೆ ಒಂದು ಇಡೀ ದಿನ ಕೊಡಿ: ಇಂಗ್ಲೆಂಡ್ ಪ್ರವಾಸ ಏರ್ಪಡಿಸುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಳಿಗ್ಗೆ ಲಂಡನ್ ಬಿಟ್ಟು ವಿಂಡ್ಸರ್ ಅರಮನೆ, ಸ್ಟೋನ್‌ಹೆಂಜ್, ಆಕ್ಸ್‌ಫರ್ಡ್ ಮೂರನ್ನೂ ಮುಗಿಸಿ ರಾತ್ರಿ ಊಟಕ್ಕೆ ವಾಪಸ್ ಬರುವ ಪ್ರವಾಸಕ್ಕೆ ಕನ್ನಡದ ಎಷ್ಟೋ ಕುಟುಂಬಗಳು ಹೆಸರು ಕೊಡುತ್ತವೆ. ಇಂಥ ಪಟ್ಟಿಯಲ್ಲಿ ಆಕ್ಸ್‌ಫರ್ಡ್ ಹೆಚ್ಚಾಗಿ ಕೊನೆಯಲ್ಲಿರುತ್ತದೆ. ಬಸ್ಸು ಸೇಂಟ್ ಜೈಲ್ಸ್ ಬೀದಿಯಲ್ಲಿ ಇಳಿಸುವಾಗ ಮೂರೂವರೆ ಎಂದಿಟ್ಟುಕೊಳ್ಳಿ. ತಲೆ ಎಣಿಕೆ, ಶೌಚಾಲಯದ ಸಾಲು, ಹಿಂದೆ ಉಳಿದವರಿಗೆ ಕಾಯುವುದು ಎಲ್ಲ ಕಳೆದು ಕ್ರೈಸ್ಟ್ ಚರ್ಚ್ ಕಾಲೇಜಿನ ಮುಂದೆ ನಿಲ್ಲುವಷ್ಟರಲ್ಲಿ ನಾಲ್ಕೂಕಾಲು ಆಗುತ್ತದೆ. ಒಳಗೆ ಬಿಡುವ ವೇಳೆ ಆಗಲೇ ಮುಗಿಯುತ್ತ ಬಂದಿರುತ್ತದೆ, ಮ್ಯೂಸಿಯಂಗಳು ಐದಕ್ಕೆ ಮುಚ್ಚುತ್ತವೆ. ಉಳಿದ ಕಾಲೇಜುಗಳ ಬಾಗಿಲಲ್ಲಿ ‘ಸಂದರ್ಶಕರಿಗೆ ಪ್ರವೇಶವಿಲ್ಲ’ ಎಂಬ ಹಲಗೆ. ಹೊರಗಿನಿಂದ ನಾಲ್ಕು ಗೋಡೆ ನೋಡಿ, ಗುಮ್ಮಟದ ಮುಂದೆ ಒಂದು ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದರೆ ಅದು ಹೋದ ಪುಟ್ಟ ಬಂದ ಪುಟ್ಟ ಅಷ್ಟೇ. ದುಡ್ಡು ಕೊಟ್ಟು, ವೀಸಾ ಮಾಡಿಸಿ, ಅಷ್ಟು ದೂರ ಬಂದ ಜನರಿಗೆ ಇದಕ್ಕಿಂತ ಒಳ್ಳೆಯ ದಿನ ಸಿಗಬೇಕು.

ನಮ್ಮ ಕೋರಿಕೆ ಒಂದೇ. ಆಕ್ಸ್‌ಫರ್ಡ್ ಅನ್ನು ಮೂರು ಊರುಗಳ ಪಟ್ಟಿಯಿಂದ ಬಿಡಿಸಿ, ಅದಕ್ಕೇ ಒಂದು ದಿನ ಇಡಿ. ಆ ದಿನವನ್ನೂ ಹತ್ತು ಜಾಗಗಳಿಂದ ತುಂಬಬೇಡಿ. ಒಳಗೆ ಹೋಗಿ ನೋಡುವ ಜಾಗ ಮೂರು ಸಾಕು. ಯಾಕೆ, ಹೇಗೆ ಅನ್ನುವುದನ್ನು ಬಿಡಿಸಿ ಬರೆಯುತ್ತಿದ್ದೇವೆ. ನೀವು ಬದಲಿಸದಿದ್ದರೂ, ಓದಿದ ಕುಟುಂಬಗಳು ತಾವೇ ರೈಲು ಹತ್ತಿ ಹೋಗಿಬರಲಿ ಎಂಬ ಆಸೆಯೂ ಇದರ ಹಿಂದಿದೆ.

ಬಂದವರು ಮೊದಲು ಕೇಳುವ ಪ್ರಶ್ನೆ ‘ವಿಶ್ವವಿದ್ಯಾಲಯ ಎಲ್ಲಿದೆ?’ ಎಂಬುದು. ಗೇಟು, ಕಮಾನು, ಕ್ಯಾಂಪಸ್ ಇರುವ ವಿಶ್ವವಿದ್ಯಾಲಯ ಅದಲ್ಲ. ಮೂವತ್ತಕ್ಕೂ ಹೆಚ್ಚು ಕಾಲೇಜುಗಳು ಊರಿನ ಅಂಗಡಿ, ಚರ್ಚು, ಬಸ್‌ಸ್ಟಾಪುಗಳ ನಡುವೆ ಹರಡಿಕೊಂಡಿವೆ. ಪ್ರತಿ ಕಾಲೇಜಿಗೂ ಅದರದೇ ಗೋಡೆ, ಅದರದೇ ಹೆಬ್ಬಾಗಿಲು, ಅದರದೇ ನಿಯಮ. ಇಲ್ಲಿ ಪಾಠ ಶುರುವಾದ ವರ್ಷವೂ ಖಚಿತವಾಗಿಲ್ಲ. 1096ರಲ್ಲೇ ಪಾಠ ನಡೆಯುತ್ತಿತ್ತು. 1167ರಲ್ಲಿ ಎರಡನೇ ಹೆನ್ರಿ ದೊರೆ ಇಂಗ್ಲೆಂಡಿನ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗದಂತೆ ತಡೆದ ಮೇಲೆ ಬೇಗ ಬೆಳೆಯಿತು. ಊರಿಗೂ ವಿದ್ಯಾರ್ಥಿಗಳಿಗೂ ಶತಮಾನಗಳ ಕಾಲ ಹಗೆಯಿತ್ತು. 1209ರ ಜಗಳದಲ್ಲಿ ಊರು ಬಿಟ್ಟವರಲ್ಲಿ ಕೆಲವರು ಕೇಂಬ್ರಿಜ್‌ಗೆ ಹೋಗಿ ನೆಲೆಸಿದರು. 1355ರ ಫೆಬ್ರವರಿ 10ರಂದು ಕಾರ್‌ಫ್ಯಾಕ್ಸ್ ವೃತ್ತದ ಬಳಿಯ ಹೆಂಡದಂಗಡಿಯಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಎದ್ದ ತಕರಾರು ಗಲಭೆಗೆ ತಿರುಗಿ ಎರಡೂ ಕಡೆ ಹತ್ತಾರು ಜನ ಸತ್ತರು. ಕಾಲೇಜುಗಳು ಬೀದಿಗೆ ಎತ್ತರದ ಗೋಡೆ ತೋರಿಸಿ, ಅಂದವನ್ನೆಲ್ಲ ಒಳಗಿನ ಅಂಗಳದಲ್ಲಿ ಇಟ್ಟುಕೊಂಡಿರುವುದು ಯಾಕೆಂದು ಇದರಿಂದ ಅಂದಾಜಾಗುತ್ತದೆ. ಬೀದಿಯಲ್ಲಷ್ಟೇ ನಡೆದವರಿಗೆ ಆಕ್ಸ್‌ಫರ್ಡ್ ಕಾಣುವುದಿಲ್ಲ. ಅದಕ್ಕೇ ಬಾಗಿಲಿನ ಲೆಕ್ಕ ಇಷ್ಟು ಮುಖ್ಯ.

ಆ ಬಾಗಿಲುಗಳು ಯಾವಾಗ ತೆರೆದಿರುತ್ತವೆ? ಕಾಲೇಜು ಅಂದರೆ ವಿದ್ಯಾರ್ಥಿಗಳು ಉಂಡು, ಮಲಗಿ, ಓದುವ ಮನೆ. ಕೆಲವು ಮಧ್ಯಾಹ್ನ ಮಾತ್ರ ತೆರೆಯುತ್ತವೆ, ಕೆಲವು ವಾರದ ಕೆಲವೇ ದಿನ, ಕೆಲವು ಹೊರಗಿನವರಿಗೆ ತೆರೆಯುವುದೇ ಇಲ್ಲ. ದೊಡ್ಡ ಗುಂಪನ್ನು ಮುಂಚೆ ತಿಳಿಸದೆ ಕರೆದೊಯ್ದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಮೇ, ಜೂನ್ ತಿಂಗಳ ಹವೆ ಎಲ್ಲಕ್ಕಿಂತ ಚೆನ್ನ, ಆದರೆ ಅದು ಪರೀಕ್ಷೆಯ ಕಾಲ. ಕರಿ ಗೌನು ತೊಟ್ಟು ಎದೆಗೆ ಕಾರ್ನೇಷನ್ ಹೂ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು ಹೈ ಸ್ಟ್ರೀಟಿನಲ್ಲಿ ನಡೆಯುತ್ತಿರುತ್ತಾರೆ. ಬಿಳಿ ಹೂವಿದ್ದರೆ ಮೊದಲ ಪರೀಕ್ಷೆ, ಗುಲಾಬಿ ಬಣ್ಣದ್ದಾದರೆ ನಡುವಿನವು, ಕೆಂಪಾದರೆ ಕೊನೆಯದು. ಬಿಳಿ ಹೂವಿನವರನ್ನು ಫೋಟೊಗೆ ನಿಲ್ಲಿಸಬೇಡಿ ಎಂದು ನಿಮ್ಮ ಗೈಡ್ ಒಂದು ಮಾತು ಹೇಳಿದರೆ ದೊಡ್ಡ ಉಪಕಾರ. ಜುಲೈ, ಆಗಸ್ಟ್‌ನಲ್ಲಿ ಜನಜಂಗುಳಿ. ಡಿಸೆಂಬರ್ ಕೊನೆಯಲ್ಲಿ ನಾಲ್ಕು ಗಂಟೆಗೇ ಸೂರ್ಯ ಮುಳುಗುತ್ತದೆ, ಕ್ರಿಸ್‌ಮಸ್ ಸುತ್ತಮುತ್ತ ಬಾಗಿಲು ಹಾಕಿರುವುದೇ ಹೆಚ್ಚು. ನಮ್ಮನ್ನು ಕೇಳಿದರೆ ಸೆಪ್ಟೆಂಬರ್, ಇಲ್ಲವೇ ಏಪ್ರಿಲ್ ಮೊದಲ ವಾರಗಳು. ವಿದ್ಯಾರ್ಥಿಗಳಿಗೆ ರಜೆ, ಹಗಲು ಸಾಕಷ್ಟು ಉದ್ದ. ಯಾವ ತಿಂಗಳಾದರೂ ಹಿಂದಿನ ಸಂಜೆ ಆಯಾ ಕಾಲೇಜಿನ ವೆಬ್‌ಸೈಟ್ ನೋಡದೆ ಹೊರಡಬೇಡಿ. ಪದವಿ ಪ್ರದಾನ, ಮದುವೆ, ಸಮ್ಮೇಳನ ಏನಿದ್ದರೂ ಆ ದಿನ ಬಾಗಿಲು ಬಂದ್.

ಲಂಡನ್ನಿನಿಂದ ದೂರ ಸುಮಾರು 90 ಕಿಲೋಮೀಟರ್. ಪ್ಯಾಡಿಂಗ್ಟನ್ ನಿಲ್ದಾಣದಿಂದ ವೇಗದ ರೈಲು ಒಂದು ಗಂಟೆಯೊಳಗೆ ತಲುಪಿಸುತ್ತದೆ, ಮೇರಿಲ್‌ಬೋನ್‌ನಿಂದ ಹತ್ತು ಹದಿನೈದು ನಿಮಿಷ ಹೆಚ್ಚು. ವಾರದ ದಿನಗಳಲ್ಲಿ ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಮೂರರಿಂದ ಒಂಬತ್ತು ಮಂದಿ ದೊಡ್ಡವರು ಒಟ್ಟಿಗೆ ಹೋಗುವುದಾದರೆ ‘ಗ್ರೂಪ್‌ಸೇವ್’ ಎಂದು ಕೇಳಿ, ಮೂರನೇ ಒಂದು ಭಾಗ ಕಡಿತವಾಗುತ್ತದೆ. ಅಜ್ಜಿ, ತಾತ, ಮಗ, ಸೊಸೆ ಹೊರಟರೆ ಇದು ಸಣ್ಣ ಉಳಿತಾಯವಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಭಾನುವಾರ ಹಳಿ ರಿಪೇರಿ ಇರುವುದುಂಟು, ಮುಂಚೆ ನೋಡಿಕೊಳ್ಳಿ. ವಿಕ್ಟೋರಿಯಾದಿಂದ ಬಸ್ಸೂ ಇದೆ, ರೈಲಿಗಿಂತ ಅಗ್ಗ, ಆದರೆ ದಾರಿ ಖಾಲಿಯಿದ್ದರೂ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ. ಕಾರು ಬೇಡವೇ ಬೇಡ. ಬೀದಿಗಳು ಇಕ್ಕಟ್ಟು, ನಿಲ್ಲಿಸಲು ಜಾಗವಿಲ್ಲ. ತರಲೇಬೇಕಾದರೆ ಊರಂಚಿನ ಐದು ‘ಪಾರ್ಕ್ ಅಂಡ್ ರೈಡ್’ ಜಾಗಗಳಲ್ಲಿ ಒಂದರಲ್ಲಿ ಬಿಟ್ಟು ಸಿಟಿ ಬಸ್ ಹಿಡಿಯಬೇಕು.

ಊರಿನ ಅಳತೆ ತಿಳಿದರೆ ಅವಸರ ತಾನಾಗಿ ಇಳಿಯುತ್ತದೆ. ರೈಲು ನಿಲ್ದಾಣದಿಂದ ಕಾರ್‌ಫ್ಯಾಕ್ಸ್ ವೃತ್ತಕ್ಕೆ ಸುಮಾರು ಒಂದು ಕಿಲೋಮೀಟರ್. ಅಲ್ಲಿಂದ ಹೈ ಸ್ಟ್ರೀಟಿನ ಆ ತುದಿಯ ಮಾಡ್ಲಿನ್ ಸೇತುವೆಗೆ ಇನ್ನೊಂದು. ನೋಡಬೇಕಾದ್ದೆಲ್ಲ ಹೆಚ್ಚುಕಡಿಮೆ ಈ ಗೆರೆಯ ಅಕ್ಕಪಕ್ಕದಲ್ಲೇ ಇದೆ. ಕಾಗುಣಿತ ನೋಡಿ ‘ಮ್ಯಾಗ್ಡಲೆನ್’ ಎಂದು ಓದುವ ಕಾಲೇಜೇ ಈ ಮಾಡ್ಲಿನ್. ದಾರಿ ಕೇಳುವಾಗ ನೆನಪಿರಲಿ.

ಬೆಳಗ್ಗೆ ಮೊದಲ ಕೆಲಸ ಬಾಡ್ಲಿಯನ್ ಗ್ರಂಥಾಲಯ. ಅದರ ಒಳಗಿನ ಹಳೆಯ ಓದುಕೋಣೆಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ. ಅರ್ಧ ಗಂಟೆಯದು, ಅದಕ್ಕಿಂತ ದೀರ್ಘವಾದದ್ದು ಎಂದು ಬೇರೆ ಬೇರೆ ಟೂರ್‌ಗಳಿವೆ. ಟಿಕೆಟ್ಟುಗಳು ಬೇಗ ಮುಗಿಯುತ್ತವೆ, ಸಣ್ಣ ಮಕ್ಕಳಿಗೆ ವಯಸ್ಸಿನ ಮಿತಿಯೂ ಇದೆ. ಟಿಕೆಟ್ ತೆಗೆಯುವಾಗಲೇ ಅದನ್ನು ನೋಡದೆ ಹೋದರೆ ಮನೆಮಂದಿಯಲ್ಲಿ ಒಬ್ಬರು ಮಗುವಿನ ಜೊತೆ ಹೊರಗೆ ಉಳಿಯಬೇಕಾಗುತ್ತದೆ. ಓದುಕೋಣೆಗೆ ಟಿಕೆಟ್ ಸಿಗದಿದ್ದರೆ ಕೆಳಗಿನ ಡಿವಿನಿಟಿ ಸ್ಕೂಲ್ ಒಂದನ್ನಾದರೂ ಬಿಡಬೇಡಿ. 15ನೇ ಶತಮಾನದಲ್ಲಿ ಕಟ್ಟಿ ಮುಗಿಸಿದ ಉದ್ದನೆಯ ಕೋಣೆ ಅದು. ಒಳಗೆ ಹೋದವರು ಕತ್ತೆತ್ತಿ ನಿಲ್ಲಬೇಕು. ಕಲ್ಲಿನ ಪಕ್ಕೆಲುಬುಗಳು ಬಲೆಯಂತೆ ಹೆಣೆದುಕೊಂಡು, ಅವು ಸೇರುವ ಕಡೆಯಲ್ಲೆಲ್ಲ ಒಂದೊಂದು ಕೆತ್ತಿದ ಗುಬುಟು. ಒಟ್ಟು 455 ಇವೆ. ಅಕ್ಷರಗಳು, ಲಾಂಛನಗಳು, ಪ್ರಾಣಿಗಳು. ಹಣ ಕೊಟ್ಟವರ ಗುರುತುಗಳೂ ಅದರಲ್ಲಿವೆ. ಐದು ನಿಮಿಷ ಸುಮ್ಮನೆ ನೋಡಿದರೆ ಕಣ್ಣು ತಾನೇ ಒಂದೊಂದನ್ನು ಹೆಕ್ಕತೊಡಗುತ್ತದೆ. ಎರಡು ಗಂಟೆಯ ಭೇಟಿಯಲ್ಲಿ ಈ ಐದು ನಿಮಿಷಕ್ಕೆ ಜಾಗವೇ ಇರುವುದಿಲ್ಲ.

ಹೊರಗೆ ಬಂದರೆ ರ‍್ಯಾಡ್‌ಕ್ಲಿಫ್ ಕ್ಯಾಮೆರಾ, ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ದುಂಡನೆಯ ಗುಮ್ಮಟ. ಜೇಮ್ಸ್ ಗಿಬ್ಸ್ ವಿನ್ಯಾಸ ಮಾಡಿದ್ದು, 1749ಕ್ಕೆ ಮುಗಿಯಿತು. ಲ್ಯಾಟಿನ್ನಿನಲ್ಲಿ ಕ್ಯಾಮೆರಾ ಎಂದರೆ ಕೋಣೆ. ಇದು ಈಗಲೂ ಓದುಕೋಣೆಯೇ, ಸುಮ್ಮನೆ ಒಳಗೆ ಹೋಗುವಂತಿಲ್ಲ. ಅದನ್ನು ಚೆನ್ನಾಗಿ ನೋಡಬೇಕಾದರೆ ಎದುರಿಗಿರುವ ಸೇಂಟ್ ಮೇರಿ ಚರ್ಚಿನ ಗೋಪುರ ಹತ್ತಬೇಕು. 127 ಮೆಟ್ಟಿಲು, ಸುತ್ತು ಸುತ್ತಾಗಿ ಏರುವವು. ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಗೋಡೆಗೆ ಒತ್ತಿ ನಿಲ್ಲುವಷ್ಟು ಕಿರಿದು. ಮೇಲಿನ ಮೊಗಸಾಲೆಯೂ ಅಷ್ಟೇ ಇಕ್ಕಟ್ಟು. ಮಂಡಿನೋವು, ತಲೆಸುತ್ತು ಇರುವವರನ್ನು ದಯವಿಟ್ಟು ಒತ್ತಾಯಿಸಬೇಡಿ. ಕಾರ್‌ಫ್ಯಾಕ್ಸ್ ಗೋಪುರಕ್ಕೆ 99 ಮೆಟ್ಟಿಲು, ಅದೂ ಸುಲಭವಲ್ಲ. ಹತ್ತಲಾಗದವರಿಗೆ ವೆಸ್ಟ್‌ಗೇಟ್ ಮಾಲ್‌ನ ಮೇಲಿನ ತಾರಸಿ ಇದೆ. ಲಿಫ್ಟ್ ಇದೆ, ದುಡ್ಡು ಕೊಡಬೇಕಿಲ್ಲ, ಊರಿನ ಗೋಪುರಗಳು ಅಲ್ಲಿಂದ ಸಾಲಾಗಿ ಕಾಣುತ್ತವೆ. ಇದನ್ನು ಹಿರಿಯರಿಗೆ ಹೇಳುವವರೇ ಕಡಿಮೆ.

ಗುಮ್ಮಟದ ಸುತ್ತ ಹಾಸಿರುವುದು ಗುಂಡುಗಲ್ಲು. ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಕಾಲು ಹೊರಳುತ್ತದೆ, ಗಾಲಿಕುರ್ಚಿಯೂ ಮಗುವಿನ ತಳ್ಳುಗಾಡಿಯೂ ಕುಲುಕುತ್ತವೆ. ಚೌಕದ ಅಂಚಿನಲ್ಲಿರುವ ಚಪ್ಪಟೆ ಕಲ್ಲುಗಳ ಮೇಲೆ ನಡೆಸಿ.

ಇದೇ ಚೌಕದಲ್ಲಿ ಕನ್ನಡದವರು ನಿಲ್ಲಲೇಬೇಕಾದ ಒಂದು ಕಬ್ಬಿಣದ ಗೇಟಿದೆ. ಅದು ಆಲ್ ಸೋಲ್ಸ್ ಕಾಲೇಜಿನದು. ಸರಳುಗಳ ಸಂದಿಯಿಂದ ಹುಲ್ಲಿನ ಅಂಗಳವೂ ಜೋಡಿ ಗೋಪುರವೂ ಕಾಣುತ್ತವೆ. ಮೈಸೂರಿನಲ್ಲಿ 1918ರಿಂದ 1921ರವರೆಗೆ ಪಾಠ ಹೇಳಿದ ಸರ್ವಪಲ್ಲಿ ರಾಧಾಕೃಷ್ಣನ್ 1936ರಿಂದ 1952ರವರೆಗೆ ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕರಾಗಿದ್ದರು, ಈ ಕಾಲೇಜಿನ ಫೆಲೊ ಆಗಿದ್ದರು. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಓದಿದ ಊರು ಇದು. ಗಿರೀಶ ಕಾರ್ನಾಡರು 1960ರ ಹೊತ್ತಿಗೆ ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಬಂದು, 1963ರಲ್ಲಿ ಇಲ್ಲಿನ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರಾದರು. ಕನ್ನಡಿಗರ ಗುಂಪನ್ನು ಕರೆದೊಯ್ಯುವ ಗೈಡ್ ಇದನ್ನು ಹೇಳದೆ ಹೋದರೆ ನಮಗೆ ನಿಜಕ್ಕೂ ನೋವಾಗುತ್ತದೆ.

ಇನ್ನೂ ಹಳೆಯ ನಂಟು ಬೇಕಾದರೆ ಬ್ರಾಡ್ ಸ್ಟ್ರೀಟಿನ ಪೂರ್ವದ ತುದಿಗೆ ಬಂದು ತಲೆ ಎತ್ತಿ ನೋಡಿ. ಮೂಲೆಯ ಕಟ್ಟಡದ ನೆತ್ತಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಆನೆಯಿದೆ. 1883ರಲ್ಲಿ ಅಡಿಗಲ್ಲು ಹಾಕಿದ ಹಳೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಅದು, ಸಂಸ್ಕೃತ ನಿಘಂಟಿನ ಮೋನಿಯರ್ ವಿಲಿಯಮ್ಸ್ ಕಟ್ಟಿಸಿದ್ದು. 1860ರಲ್ಲಿ ಸಂಸ್ಕೃತ ಪ್ರಾಧ್ಯಾಪಕ ಪೀಠಕ್ಕೆ ಚುನಾವಣೆ ನಡೆದಾಗ ಅವರು ಸೋಲಿಸಿದ್ದು ಮ್ಯಾಕ್ಸ್ ಮುಲ್ಲರ್ ಅವರನ್ನು. ಮುಲ್ಲರ್ ಈ ಊರಿನಲ್ಲೇ ಉಳಿದು, ಋಗ್ವೇದವನ್ನು ಸಾಯಣ ಭಾಷ್ಯದ ಸಮೇತ ಆರು ಸಂಪುಟಗಳಲ್ಲಿ 1874ಕ್ಕೆ ಮುಗಿಸಿದರು. ಆ ಸಾಯಣರು ವಿಜಯನಗರದ ಬುಕ್ಕರಾಯನ ಕಾಲದವರು. ತುಂಗಭದ್ರೆಯ ದಡದ ರಾಜ್ಯದಲ್ಲಿ ಹುಟ್ಟಿದ ಭಾಷ್ಯ ಐನೂರು ವರ್ಷದ ಮೇಲೆ ಚಾರ್ವೆಲ್ ನದಿಯ ದಡದಲ್ಲಿ ಅಚ್ಚಿಗೆ ಸಿದ್ಧವಾಯಿತು. ಮುಲ್ಲರ್ ಸಮಾಧಿ ಅಲ್ಲಿಂದ ಹತ್ತು ನಿಮಿಷದ ನಡಿಗೆಯ ಹಾಲಿವೆಲ್ ಸ್ಮಶಾನದಲ್ಲಿದೆ. ಹುಲ್ಲು, ಬಳ್ಳಿ ಬೆಳೆದ ನಿಶ್ಶಬ್ದ ಜಾಗ. ಮಳೆ ಬಂದ ಮರುದಿನ ಕೆಸರಿರುತ್ತದೆ, ಬೂಟು ಹಾಕಿಕೊಂಡು ಹೋಗಿ.

ಊಟಕ್ಕೆ ಹೆಚ್ಚು ಹೇಳುವುದಿಲ್ಲ. 1774ರಲ್ಲಿ ಶುರುವಾದ ಕವರ್ಡ್ ಮಾರ್ಕೆಟ್‌ನಲ್ಲಿ ಸಸ್ಯಾಹಾರಿಗಳಿಗೂ ಸಾಕಷ್ಟು ಸಿಗುತ್ತದೆ. ಅನ್ನ ಸಾರು ಬೇಕೇ ಬೇಕೆನ್ನುವವರು ಮಾಡ್ಲಿನ್ ಸೇತುವೆ ದಾಟಿ ಕೌಲಿ ರೋಡಿಗೆ ಹೋದರೆ ಭಾರತದ ಅಡುಗೆಯ ಹೋಟೆಲುಗಳಿವೆ. ಬುತ್ತಿ ತಂದವರಿಗೆ ಕ್ರೈಸ್ಟ್ ಚರ್ಚ್ ಮೆಡೋ ಎಂಬ ಹುಲ್ಲುಗಾವಲು ಇದೆ. ಪ್ರವೇಶಕ್ಕೆ ದುಡ್ಡಿಲ್ಲ, ಬೆಂಚುಗಳಿವೆ, ದೂರದಲ್ಲಿ ದನ ಮೇಯುತ್ತಿರುತ್ತವೆ. ಅಲ್ಲಿ ಒಂದು ಗಂಟೆ ಕಾಲು ಚಾಚಿ ಕೂರಿಸಿ. ಹಿರಿಯರ ಮಧ್ಯಾಹ್ನ ಉಳಿಯುವುದೇ ಈ ಒಂದು ಗಂಟೆಯಿಂದ.

ಮಧ್ಯಾಹ್ನಕ್ಕೆ ಒಂದು ಕಾಲೇಜು ಆರಿಸಿಕೊಳ್ಳಿ, ಒಂದೇ. ಮಕ್ಕಳ ಹಟಕ್ಕೆ ಎಲ್ಲರೂ ಕ್ರೈಸ್ಟ್ ಚರ್ಚ್‌ಗೆ ಹೋಗುತ್ತಾರೆ. ಮಾಂತ್ರಿಕ ಶಾಲೆಯ ‘ಹ್ಯಾರಿ ಪಾಟರ್’ ಸಿನಿಮಾದ ಮೆಟ್ಟಿಲ ದೃಶ್ಯ ಅಲ್ಲೇ ತೆಗೆದದ್ದು ನಿಜ. ಊಟದ ಹಾಲ್ ಮಾತ್ರ ಅದನ್ನು ನೋಡಿ ಸ್ಟುಡಿಯೋದಲ್ಲಿ ಕಟ್ಟಿದ್ದು. ನಿಜವಾದ ಹಾಲ್‌ನಲ್ಲಿ ವಿದ್ಯಾರ್ಥಿಗಳು ಊಟ ಮಾಡುವುದರಿಂದ ನಡುಮಧ್ಯಾಹ್ನ ಅದನ್ನು ಮುಚ್ಚುವುದುಂಟು. ಟಿಕೆಟ್ ತೆಗೆದು ಒಳಗೆ ಹೋದ ಮೇಲೆ ಹಾಲ್ ಮುಚ್ಚಿದೆ ಎಂದು ಗೊತ್ತಾಗಿ ಮಕ್ಕಳು ಅಳುವುದು ಇದರಿಂದಲೇ. ಸಿನಿಮಾದ ಹಂಬಲ ಇಲ್ಲದವರಿಗೆ ನಮ್ಮ ಆಯ್ಕೆ ನ್ಯೂ ಕಾಲೇಜ್. ಹೆಸರು ಹೊಸದು, ಸ್ಥಾಪನೆ 1379. ಅದರ ತೋಟದಲ್ಲಿ ಊರಿನ ಹಳೆಯ ಕೋಟೆಗೋಡೆ ನಿಂತಿದೆ. ಗೋಡೆಯನ್ನು ಸುಸ್ಥಿತಿಯಲ್ಲಿ ಇಡುತ್ತೇವೆಂದು ಜಾಗ ಪಡೆಯುವಾಗ ಕೊಟ್ಟ ಮಾತಿಗೆ ಕಾಲೇಜು ಇಂದಿಗೂ ಬದ್ಧ. ಮೂರು ವರ್ಷಕ್ಕೊಮ್ಮೆ ಲಾರ್ಡ್ ಮೇಯರ್ ಬಂದು ಗೋಡೆ ತಪಾಸಣೆ ಮಾಡುತ್ತಾರೆ. ಜಿಂಕೆ ನೋಡಬೇಕಾದರೆ ಮಾಡ್ಲಿನ್. ಅಲ್ಲಿನ ಆಡಿಸನ್ಸ್ ವಾಕ್ ಎಂಬ ಹೊಳೆದಂಡೆಯ ದಾರಿ ನೆರಳಿನಿಂದ ಕೂಡಿದ್ದು.

ಆಮೇಲಿನ ಎರಡು ಗಂಟೆಗೆ ಮ್ಯೂಸಿಯಂ ಅಥವಾ ದೋಣಿ. ಎರಡನ್ನೂ ತುರುಕಬೇಡಿ. ಮಳೆಯಿದ್ದರೆ ಮ್ಯೂಸಿಯಂ. ಆಶ್ಮೋಲಿಯನ್ ಆಗಲಿ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಆಗಲಿ, ಉಚಿತ. ಮಕ್ಕಳಿದ್ದರೆ ಎರಡನೆಯದು. ಗಾಜಿನ ಮಾಡಿನ ಕೆಳಗೆ ಡೈನೋಸಾರ್ ಅಸ್ಥಿಪಂಜರಗಳು. ಹಿಂಬದಿಯ ಬಾಗಿಲಿಂದ ಪಿಟ್ ರಿವರ್ಸ್ ಮ್ಯೂಸಿಯಂಗೆ ದಾರಿ. ಅಲ್ಲಿ ವಸ್ತುಗಳನ್ನು ದೇಶವಾರು ಇಟ್ಟಿಲ್ಲ. ಬೀಗಗಳೆಲ್ಲ ಒಂದು ಕಡೆ, ವಾದ್ಯಗಳೆಲ್ಲ ಒಂದು ಕಡೆ. ಗಾಜಿನ ಪೆಟ್ಟಿಗೆಗಳ ಕೆಳಗಿರುವ ಡ್ರಾಯರುಗಳನ್ನು ನಾವೇ ಎಳೆದು ನೋಡಬಹುದು, ಮಕ್ಕಳಿಗೆ ಅದೇ ಹಬ್ಬ. ಸೋಮವಾರ ಪಿಟ್ ರಿವರ್ಸ್ ತೆರೆಯುವುದು ಹನ್ನೆರಡಕ್ಕೆ.

ಬಿಸಿಲಿದ್ದರೆ ಪಂಟ್. ತಳ ಚಪ್ಪಟೆಯಾದ, ಹುಟ್ಟಿಲ್ಲದೆ ಕೋಲಿನಿಂದ ನಡೆಸುವ ಉದ್ದ ದೋಣಿ. ಮಾಡ್ಲಿನ್ ಸೇತುವೆಯ ಕೆಳಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಚಳಿಗಾಲದಲ್ಲಿ ಇಲ್ಲ, ಹೊಳೆ ತುಂಬಿ ಸೆಳೆತ ಹೆಚ್ಚಿದ ದಿನವೂ ಇಲ್ಲ. ನಡೆಸುವವರನ್ನೂ ಸೇರಿಸಿ ಬಾಡಿಗೆಗೆ ಕೊಡುತ್ತಾರೆ, ಹಿರಿಯರಿದ್ದರೆ ಅದೇ ವಾಸಿ. ತಾವೇ ನಡೆಸುವವರು ಇಷ್ಟು ತಿಳಿದಿರಲಿ. ಸುಮಾರು ಐದು ಮೀಟರ್ ಉದ್ದದ ಕೋಲನ್ನು ದೋಣಿಯ ಪಕ್ಕಕ್ಕೆ ಒತ್ತಿ ನೆಟ್ಟಗೆ ಹಿಡಿದು, ಬೆರಳು ಸಡಿಲಿಸಿ ಅದರ ಭಾರಕ್ಕೇ ಕೆಳಗಿಳಿಯಲು ಬಿಡಬೇಕು. ತಳ ಮುಟ್ಟಿದ ಮೇಲೆ ಕೈಮೇಲೆ ಕೈಯಿಟ್ಟು ಹಿಂದಕ್ಕೆ ನೂಕಬೇಕು. ಎತ್ತುವ ಮುಂಚೆ ಕೋಲನ್ನು ಸ್ವಲ್ಪ ತಿರುಚಿದರೆ ಕೆಸರು ಬಿಡುತ್ತದೆ. ಎತ್ತಿದ ಕೋಲನ್ನು ಹಿಂದೆ ನೀರಿನಲ್ಲಿ ಎಳೆಯುತ್ತ ಬಂದರೆ ಅದೇ ಚುಕ್ಕಾಣಿ. ದೋಣಿ ಗಿರಗಿರ ತಿರುಗುವುದು ಕೋಲನ್ನು ಪಕ್ಕಕ್ಕೆ ಓರೆಯಾಗಿ ಊರುವುದರಿಂದ. ನೀರಿಗೆ ಬೀಳುವುದು ಕೋಲು ಕೆಸರಿನಲ್ಲಿ ಸಿಕ್ಕಾಗ ಅದನ್ನು ಬಿಡದೆ ಹಿಡಿದುಕೊಳ್ಳುವುದರಿಂದ. ದೋಣಿ ಮುಂದೆ ಹೋಗುತ್ತದೆ, ಹಿಡಿದವರು ಕೋಲಿನ ಮೇಲೆ ಉಳಿಯುತ್ತಾರೆ. ಸಿಕ್ಕಿಕೊಂಡರೆ ತಕ್ಷಣ ಕೈಬಿಡಿ, ದೋಣಿಯಲ್ಲಿರುವ ಚಿಕ್ಕ ಹುಟ್ಟಿನಿಂದ ಹಿಂದೆ ಬಂದು ಕೋಲು ತೆಗೆದುಕೊಳ್ಳಿ. ಈಜು ಬಾರದವರು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಲಿ. ಸೀಟುಗಳು ನೆಲಮಟ್ಟದಲ್ಲಿರುತ್ತವೆ; ಸೀರೆ ಉಟ್ಟವರು ಹತ್ತುವಾಗ ದೋಣಿಯ ನಡುವಿಗೆ ಕಾಲಿಡಬೇಕು, ಅಂಚಿಗಲ್ಲ.

ಸಂಜೆ ಪುಸ್ತಕಪ್ರಿಯರಿಗೆ ಬ್ರಾಡ್ ಸ್ಟ್ರೀಟಿನ ಬ್ಲ್ಯಾಕ್‌ವೆಲ್ಸ್ ಅಂಗಡಿಯ ನೆಲಮಾಳಿಗೆ ಇದೆ. ಪಕ್ಕದ ಕಾಲೇಜಿನ ಅಡಿಯಲ್ಲಿ ಹರಡಿರುವ ಒಂದೇ ಕೋಣೆ, ಅಲ್ಲಿನ ಕಪಾಟುಗಳನ್ನು ಸಾಲಾಗಿ ಜೋಡಿಸಿದರೆ ಸುಮಾರು ಐದು ಕಿಲೋಮೀಟರ್.

ಆರರ ಹೊತ್ತಿಗೆ ಈ ಊರು ಉಚಿತವಾಗಿ ಕೊಡುವ ದೊಡ್ಡ ಸಂತೋಷ ಒಂದಿದೆ. ಕಾಲೇಜುಗಳ ಪ್ರಾರ್ಥನಾಮಂದಿರದಲ್ಲಿ ಗಾಯಕವೃಂದ ಹಾಡುವ ಈವನ್‌ಸಾಂಗ್. ಹಗಲಿನಲ್ಲಿ ಟಿಕೆಟ್ ಕೇಳುವ ಬಾಗಿಲು ಆ ಹೊತ್ತಿನಲ್ಲಿ ಸುಮ್ಮನೆ ತೆರೆದುಕೊಳ್ಳುತ್ತದೆ. ನ್ಯೂ ಕಾಲೇಜ್, ಮಾಡ್ಲಿನ್‌ನಲ್ಲಿ ಪಾಠದ ಅವಧಿಯಲ್ಲಿ ಮಾತ್ರ, ಅದೂ ಎಲ್ಲ ದಿನ ಇರುವುದಿಲ್ಲ. ಕ್ರೈಸ್ಟ್ ಚರ್ಚ್ ಒಳಗಿನ ಕೆಥೆಡ್ರಲ್‌ನಲ್ಲಿ ಹೆಚ್ಚು ದಿನ ಇರುತ್ತದೆ. ಯಾವ ಧರ್ಮದವರಾದರೂ ಕೂರಬಹುದು. ಕಾಲು ಗಂಟೆ ಮುಂಚೆ ಹೋಗಿ, ಮೊಬೈಲ್ ಆಫ್ ಮಾಡಿ, ಉಳಿದವರು ಎದ್ದಾಗ ಏಳಿ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೇಸಿಗೆಯಾದರೆ ಒಂಬತ್ತರವರೆಗೂ ಬೆಳಕಿರುತ್ತದೆ. ಉಳಿಯುವವರು 9.05ಕ್ಕೆ ಕ್ರೈಸ್ಟ್ ಚರ್ಚ್ ಕಾಲೇಜಿನ ಟಾಮ್ ಗೋಪುರದ ಗಂಟೆ ಕೇಳಿ ಹೊರಡಿ. ಆರು ಟನ್ನಿಗೂ ಮೀರಿದ ಆ ಗಂಟೆ 101 ಸಲ ಹೊಡೆಯುತ್ತದೆ, ಒಂದು ಕಾಲದಲ್ಲಿ ಕಾಲೇಜಿನಲ್ಲಿದ್ದ ವಿದ್ಯಾರ್ಥಿಗಳ ಲೆಕ್ಕಕ್ಕೆ. ಆ ಐದು ನಿಮಿಷದ ಗುಟ್ಟು ಹೀಗಿದೆ: ಗ್ರೀನಿಚ್‌ನಿಂದ ಪಶ್ಚಿಮಕ್ಕಿರುವ ಆಕ್ಸ್‌ಫರ್ಡ್‌ನಲ್ಲಿ ಸೂರ್ಯ ಐದು ನಿಮಿಷ ತಡ, ಆ ಗಂಟೆಗೆ ಈಗಲೂ ಹಳೆಯ ಆಕ್ಸ್‌ಫರ್ಡ್ ಸಮಯದಲ್ಲೇ ಒಂಬತ್ತು. ಲಂಡನ್ನಿಗೆ ರಾತ್ರಿ ಹತ್ತರ ಮೇಲೂ ರೈಲುಗಳಿವೆ.

ಇಷ್ಟರಲ್ಲಿ ನಿಮ್ಮಿಂದ ಆಗಬೇಕಾದ್ದು: ಮೂರು ಊರಿನ ಪ್ರವಾಸವನ್ನು ಮಾರಲೇಬೇಕಿದ್ದರೆ ಮಾರಿ, ಆದರೆ ಆಕ್ಸ್‌ಫರ್ಡ್‌ನಲ್ಲಿ ಎಷ್ಟು ಗಂಟೆ, ಯಾವ ಬಾಗಿಲ ಒಳಗೆ, ಟಿಕೆಟ್ ಸೇರಿದೆಯೋ ಇಲ್ಲವೋ ಎಂಬುದನ್ನು ಹಣ ಕಟ್ಟಿಸಿಕೊಳ್ಳುವ ಮುಂಚೆ ಕನ್ನಡದಲ್ಲೇ ಬರೆದು ಕೊಡಿ. ‘ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ವೀಕ್ಷಣೆ’ ಎಂಬ ಒಂದು ಸಾಲು ಸಾಲದು. ಜೊತೆಗೆ ಈ ಒಂದು ಊರಿನ ಇಡೀ ದಿನದ ಪ್ರವಾಸವನ್ನೂ ನಿಮ್ಮ ಪಟ್ಟಿಗೆ ಸೇರಿಸಿ: ಹತ್ತಕ್ಕೆ ಇಳಿಸಿ, ಈವನ್‌ಸಾಂಗ್ ಮುಗಿದ ಮೇಲೆ ಏಳಕ್ಕೆ ಹತ್ತಿಸಿ. ಗುಂಪು ಇಪ್ಪತ್ತು ದಾಟದಿರಲಿ. ಬಾಡ್ಲಿಯನ್ ಮತ್ತು ಒಂದು ಕಾಲೇಜಿನ ಟಿಕೆಟ್ಟುಗಳನ್ನು ನೀವೇ ಮುಂಗಡ ತೆಗೆಯಿರಿ. ನಡೆಯಲಾಗದವರಿಗೆ ಮಧ್ಯಾಹ್ನ ಮೆಡೋದ ಬೆಂಚಿನಲ್ಲಿ ಕೂರಲು ಬಿಟ್ಟು, ನಾಲ್ಕು ಗಂಟೆಗೆ ಅಲ್ಲೇ ಬಂದು ಸೇರುವುದೆಂದು ಮೊದಲೇ ಗೊತ್ತುಮಾಡಿ.

ಇಂತಿ,
ಆಕ್ಸ್‌ಫರ್ಡ್‌ನ ಬೀದಿ ಬಾಗಿಲುಗಳನ್ನು ಬಲ್ಲ ಕೆಲವು ಕನ್ನಡಿಗರು